ಓದುಗರ ಪ್ರಶ್ನೆ, ನಮ್ಮ ಉತ್ತರ: ಊರಿನ ಹಳೆಯ ಟ್ರ್ಯಾಕ್ಟರು

ಊರಿಗೆ ಬಂದ ಮೊದಲ ಟ್ರ್ಯಾಕ್ಟರಿನ ಬಗ್ಗೆ ಬರೆಯಿರೆಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಮುಂಬಯಿ, ಪುಣೆ ಮತ್ತು ಗೋವೆಯ ಕನ್ನಡಿಗರಿಂದ ಬಂದ ಪತ್ರಗಳಲ್ಲಿ ನೆನಪುಗಳಷ್ಟೇ ಪ್ರಶ್ನೆಗಳೂ ಇದ್ದವು. ಹೊಲ ಬಿಟ್ಟು ಬಂದು ದಶಕಗಳೇ ಕಳೆದವರು ಕೂಡ ಗೇರಿನ ಕೋಲು, ಬಾನೆಟ್ಟಿನ ಬಣ್ಣ, ಸೈಲೆನ್ಸರಿನ ಸದ್ದುಗಳ ಬಗ್ಗೆ ಬಹಳ ಖಚಿತವಾಗಿ, ಆದರೆ ಒಬ್ಬರು ಇನ್ನೊಬ್ಬರನ್ನು ಒಪ್ಪದಂತೆ ಬರೆದಿದ್ದಾರೆ. ಹೆಚ್ಚಿನವರಿಗೆ ಉಪಯೋಗವಾಗಬಹುದಾದ ಕೆಲವು ಪ್ರಶ್ನೆಗಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಗೋಕಾಕ ಕಡೆಯ ನಮ್ಮೂರಿನಲ್ಲಿ ಅಜ್ಜ ಕೊಂಡಿದ್ದ ಫರ್ಗ್ಯುಸನ್ ಟ್ರ್ಯಾಕ್ಟರು ಬೂದು ಬಣ್ಣದ್ದೆಂದು ನಾನು, ಕೆಂಪು ಬಣ್ಣದ್ದೆಂದು ನನ್ನ ಅಣ್ಣ ವಾದಿಸುತ್ತ ಬಂದಿದ್ದೇವೆ. ಖಂಡೇನವಮಿಯ ದಿನ ಬಾನೆಟ್ಟಿಗೆ ಬಳಿದ ವಿಭೂತಿ ದೂರಕ್ಕೇ ಎದ್ದು ಕಾಣುತ್ತಿತ್ತು, ಬೂದು ಬಣ್ಣದ ಮೇಲೆ ಹಾಗೆ ಕಾಣುವುದು ಸಾಧ್ಯವಿಲ್ಲ ಎಂಬುದು ಅಣ್ಣನ ಸಾಕ್ಷ್ಯ. ಮನೆಯಲ್ಲಿ ಇರುವುದು ಕಪ್ಪು–ಬಿಳುಪು ಫೋಟೋ ಒಂದೇ. ಅದು ತನ್ನ ನೇಗಿಲನ್ನು ತಾನೇ ಎತ್ತಿಕೊಳ್ಳುತ್ತಿತ್ತು ಎಂದು ಅಜ್ಜ ಹೇಳುತ್ತಿದ್ದರು. ಇದು ಯಾವ ಮಾದರಿಯಾಗಿರಬಹುದು? (ಡೊಂಬಿವಲಿಯ ಓದುಗರು)

ಉತ್ತರ: ಬಣ್ಣದ ಚರ್ಚೆಯನ್ನು ಬದಿಗಿಟ್ಟು, ಆ ಫೋಟೋದಲ್ಲಿ ಗೇರಿನ ಕೋಲುಗಳು ಎಷ್ಟಿವೆ ಎಂದು ನೋಡಿರಿ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾದ ಟಿಇ-20 ಮಾದರಿಯ ಮೈಯೆಲ್ಲ ಬೂದು ಬಣ್ಣ. ಅದಕ್ಕೆ ಒಂದೇ ಗೇರು ಕೋಲು, ಮುಂದಕ್ಕೆ ನಾಲ್ಕು ಗೇರು. ಸೆಲ್ಫ್ ಹೊಡೆಯುವುದಕ್ಕೆ ಬೇರೆ ಗುಂಡಿ ಇರಲಿಲ್ಲ. ಗೇರು ಕೋಲನ್ನೇ ‘ಎಸ್’ ಎಂದು ಗುರುತು ಮಾಡಿದ ಕಡೆಗೆ ತಳ್ಳಿದರೆ ಎಂಜಿನ್ನು ತಿರುಗುತ್ತಿತ್ತು. 1956ರಲ್ಲಿ ಬಂದ 35 ಮಾದರಿಗೆ ಎರಡು ಕೋಲು, ಮುಂದಕ್ಕೆ ಆರು ಗೇರು. ಈ 35 ಮೊದಲು ಬೂದು ತಗಡು ಮತ್ತು ಹೊನ್ನಿನ ಬಣ್ಣದ ಎಂಜಿನ್ನಿನೊಡನೆ ಬಂತು. ಮ್ಯಾಸಿ ಫರ್ಗ್ಯುಸನ್ ಎಂಬ ಹೆಸರು ಬಂದಾಗ, ಅಂದರೆ 1957ರ ಕೊನೆಯಿಂದ, ತಗಡೆಲ್ಲ ಕೆಂಪಾಗಿ ಎಂಜಿನ್ನು ಬೂದಾಯಿತು. ಆದ್ದರಿಂದ ಎರಡು ಕೋಲು ಕಂಡರೆ ಅಣ್ಣನವರ ಮಾತಿಗೆ ಬಲ ಬರುತ್ತದೆ, ಒಂದೇ ಕೋಲು ಕಂಡರೆ ನೀವು ಗೆದ್ದಂತೆ. ಎರಡು ಕೋಲಿದ್ದೂ ಮೈ ಬೂದಾಗಿದ್ದ ಮೊದಲ ವರ್ಷಗಳ 35 ಕೂಡ ಇತ್ತು ಎಂಬುದನ್ನು ಮಾತ್ರ ಅಣ್ಣನವರಿಗೆ ತಿಳಿಸಿಬಿಡಿ. ವಿಭೂತಿಯ ಸಾಕ್ಷ್ಯವನ್ನು ನಾವು ಅಷ್ಟಾಗಿ ನಂಬಲಾರೆವು, ಏಕೆಂದರೆ ಊರಿನ ಟ್ರ್ಯಾಕ್ಟರುಗಳಿಗೆ ಒಂದೆರಡು ಸುಗ್ಗಿ ಕಳೆಯುವಷ್ಟರಲ್ಲಿ ಬೇರೆ ಬಣ್ಣ ಹೊಡೆಯುವ ರೂಢಿ ಇತ್ತು.

ನೇಗಿಲನ್ನು ತಾನೇ ಎತ್ತಿಕೊಳ್ಳುತ್ತಿತ್ತು ಎಂಬ ಅಜ್ಜನವರ ಮಾತು ಅಕ್ಷರಶಃ ನಿಜ. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಅವರ ಹೆಸರು ಉಳಿದಿರುವುದೇ ಇದರಿಂದ. ಅದಕ್ಕೆ ಮೊದಲು ನೇಗಿಲನ್ನು ಗಾಡಿಯ ಹಿಂದೆ ಸರಪಳಿಯಿಂದಲೋ ಕೊಂಡಿಯಿಂದಲೋ ಎಳೆಸುತ್ತಿದ್ದರು. ನೇಗಿಲು ಬೇರಿಗೋ ಬಂಡೆಗೋ ಸಿಕ್ಕಿಕೊಂಡರೆ ಹಿಂದಿನ ಗಾಲಿ ನಿಂತು, ಮುಂಭಾಗ ಮೇಲೆದ್ದು, ಟ್ರ್ಯಾಕ್ಟರು ಓಡಿಸುವವನ ಮೇಲೆಯೇ ಮಗುಚುವ ಅಪಾಯವಿತ್ತು. ಫರ್ಗ್ಯುಸನ್ ನೇಗಿಲನ್ನು ಮೂರು ಕಡೆ ಹಿಡಿದರು: ಕೆಳಗೆ ಎರಡು ತೋಳು, ಮೇಲೆ ಒಂದು. ಗಟ್ಟಿ ನೆಲ ಸಿಕ್ಕಿದಾಗ ನೇಗಿಲು ಮುಗ್ಗರಿಸಲು ನೋಡುತ್ತದೆ, ಮೇಲಿನ ತೋಳು ಗಾಡಿಯ ಕಡೆಗೆ ಒತ್ತುತ್ತದೆ, ಆ ಒತ್ತಡಕ್ಕೆ ಒಳಗಿನ ಸ್ಪ್ರಿಂಗು ಕುಗ್ಗಿ ಹೈಡ್ರಾಲಿಕ್ಕಿನ ವಾಲ್ವು ತೆರೆಯುತ್ತದೆ, ನೇಗಿಲು ಒಂದಿಷ್ಟು ಮೇಲೇಳುತ್ತದೆ. ನೆಲ ಸಡಿಲವಾದೊಡನೆ ಮತ್ತೆ ಇಳಿಯುತ್ತದೆ. ಅದೇ ಒತ್ತಡ ಗಾಡಿಯ ಮೂತಿಯನ್ನು ನೆಲಕ್ಕೆ ಅದುಮಿ ಹಿಡಿಯುತ್ತದೆ, ಭಾರ ಹಿಂದಿನ ಗಾಲಿಗಳಿಗೆ ಸಾಗಿ ಹಿಡಿತ ಹೆಚ್ಚುತ್ತದೆ. ಹೀಗಾಗಿ ಅಷ್ಟು ಚಿಕ್ಕ ಗಾಡಿ ತನ್ನ ಗಾತ್ರಕ್ಕೆ ಮೀರಿದ ಕೆಲಸ ಮಾಡುತ್ತಿತ್ತು. 1958ರ ಜನವರಿಯಲ್ಲಿ ಎಡ್ಮಂಡ್ ಹಿಲರಿ ಅವರ ತಂಡ ದಕ್ಷಿಣ ಧ್ರುವ ತಲುಪಿದ್ದು ಗಾಲಿಗಳಿಗೆ ಪಟ್ಟಿ ಕಟ್ಟಿದ ಇದೇ ಫರ್ಗ್ಯುಸನ್ ಗಾಡಿಗಳಲ್ಲಿ ಎಂದರೆ ಗೋಕಾಕದ ಎರೆಹೊಲ ಅದಕ್ಕೆ ದೊಡ್ಡ ಸವಾಲಾಗಿರಲಾರದು. ಇಂದು ಯಾವ ಕಂಪನಿಯ ಟ್ರ್ಯಾಕ್ಟರು ಕೊಂಡರೂ ಹಿಂದೆ ಇರುವುದು ಈ ಮೂರು ತೋಳುಗಳೇ.

ಪ್ರಶ್ನೆ: ಜಮಖಂಡಿ ಕಡೆ ನಮ್ಮ ಮನೆಯಲ್ಲಿ ಕೆಂಪು ಇಂಟರ್‌ನ್ಯಾಷನಲ್ ಬಿ-275 ಇತ್ತು. ಅದು ಅಮೆರಿಕದ ಗಾಡಿಯೆಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಅದು ತಯಾರಾದದ್ದು ಮುಂಬಯಿಯಲ್ಲೇ ಎಂದು ಇಲ್ಲಿನ ಸಹೋದ್ಯೋಗಿಯೊಬ್ಬರು ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ. (ಘಾಟ್ಕೋಪರ್)

ಉತ್ತರ: ಇಬ್ಬರ ಮಾತಿನಲ್ಲೂ ಸತ್ಯವಿದೆ, ನಡುವೆ ಇಂಗ್ಲೆಂಡನ್ನೂ ಸೇರಿಸಿಕೊಳ್ಳಬೇಕು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಷಿಕಾಗೋದ ಕಂಪನಿ. ಬಿ-275 ಅದರ ಇಂಗ್ಲೆಂಡಿನ ಡಾಂಕಾಸ್ಟರ್ ಕಾರ್ಖಾನೆಯಿಂದ 1958ರಲ್ಲಿ ಹೊರಬಂದ ಮಾದರಿ. 1963ರಲ್ಲಿ ಆ ಕಂಪನಿ, ಮಹೀಂದ್ರ ಮತ್ತು ವೋಲ್ಟಾಸ್ ಸೇರಿ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಆಫ್ ಇಂಡಿಯಾವನ್ನು ಕಟ್ಟಿದವು. 1965ರಲ್ಲಿ ಕಾಂದಿವಲಿಯ ಕಾರ್ಖಾನೆಯಿಂದ ಬಿ-275 ಹೊರಬರತೊಡಗಿತು. 1977ರಲ್ಲಿ ಈ ಜಂಟಿ ಕಂಪನಿ ಮಹೀಂದ್ರದಲ್ಲಿ ವಿಲೀನವಾಯಿತು. ನಿಮ್ಮ ತಂದೆಯವರು ಗಾಡಿಯನ್ನು 1965ರ ನಂತರ ಹೊಸದಾಗಿ ಕೊಂಡಿದ್ದರೆ, ಅದು ನೀವು ದಿನವೂ ಓಡಾಡುವ ಊರಿನಿಂದಲೇ ಹೊರಟದ್ದೆಂದು ತಿಳಿಯಬಹುದು.

ನಮಗೆ ಈ ಪತ್ರ ವಿಶೇಷವಾಗಿ ಇಷ್ಟವಾಯಿತು. ಬಿಜಾಪುರ, ಬೆಳಗಾವಿ ಕಡೆಯ ಹುಡುಗರು ಬರಗಾಲಕ್ಕೆ ಬೇಸತ್ತು ರೈಲು ಹತ್ತಿ ಮುಂಬಯಿಗೆ ಬರುತ್ತಿದ್ದ ಕಾಲದಲ್ಲೇ, ಮುಂಬಯಿಯ ಅಕುರ್ಲಿ ರಸ್ತೆಯಲ್ಲಿ ತಯಾರಾದ ಟ್ರ್ಯಾಕ್ಟರುಗಳು ಅವರು ಬಿಟ್ಟುಬಂದ ಹೊಲಗಳ ಕಡೆಗೆ ಹೋಗುತ್ತಿದ್ದವು. ಮುಂಬಯಿ ಕನ್ನಡಿಗರ ಇತಿಹಾಸವೆಂದರೆ ಹೋಟೆಲು ಮತ್ತು ಗಿರಣಿಗಳ ಕಥೆಯನ್ನಷ್ಟೇ ಹೇಳುವ ನಮ್ಮವರು ಯಂತ್ರ ಕಾರ್ಖಾನೆಗಳನ್ನು ಏಕೋ ಮರೆಯುತ್ತಾರೆ. ಕಾಂದಿವಲಿಯಲ್ಲಿ ದುಡಿದು ನಿವೃತ್ತರಾದ ಕನ್ನಡಿಗರು ಬರೆದರೆ ಸಂತೋಷದಿಂದ ಪ್ರಕಟಿಸುತ್ತೇವೆ.

ಚಳಿಗಾಲದ ಬೆಳಗ್ಗೆ ಅಪ್ಪ ಚಾಲೂ ಮಾಡುವ ಮೊದಲು ಏನನ್ನೋ ಒತ್ತಿ ಹಿಡಿದು ಕಾಯುತ್ತಿದ್ದರೆಂದು ಪತ್ರದ ಕೊನೆಗೆ ಬರೆದಿದ್ದೀರಿ. ಅದು ಹೀಟರು. ಬಿ-275ರ ನಾಲ್ಕು ಸಿಲಿಂಡರಿನ, ಸುಮಾರು 35 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಡೀಸೆಲು ನೇರವಾಗಿ ಪಿಸ್ಟನ್ನಿನ ಮೇಲೆ ಬೀಳದೆ ಪಕ್ಕದ ಒಂದು ಚಿಕ್ಕ ಕೋಣೆಯಲ್ಲಿ ಮೊದಲು ಹೊತ್ತಿಕೊಳ್ಳುತ್ತಿತ್ತು. ಆ ಕೋಣೆಯ ಗೋಡೆಗಳು ತಣ್ಣಗಿದ್ದರೆ ಗಾಳಿಯ ಬಿಸಿಯನ್ನೆಲ್ಲ ಹೀರಿಬಿಡುವುದರಿಂದ ಬ್ಯಾಟರಿಯ ಕರೆಂಟಿನಿಂದ ಕಾಯಿಸಬೇಕಾಗುತ್ತಿತ್ತು. ಮುಂದಿನ ಮಾದರಿಗಳ ಹೆಸರಿನ ಜೊತೆ ಸೇರಿದ ‘ಡಿಐ’ ಎಂದರೆ ಆ ಕೋಣೆಯನ್ನು ಕೈಬಿಟ್ಟು ಡೀಸೆಲನ್ನು ನೇರವಾಗಿ ಸಿಲಿಂಡರಿಗೇ ಸಿಡಿಸಿದರು ಎಂದರ್ಥ. ಅದರಿಂದ ಚಾಲೂ ಮಾಡುವುದು ಸುಲಭವಾಯಿತು, ಡೀಸೆಲೂ ಉಳಿಯಿತು.

ಪ್ರಶ್ನೆ: ಕಣ್ಣು ಮುಚ್ಚಿಕೊಂಡು ಸದ್ದು ಕೇಳಿಯೇ ಯಾರ ಟ್ರ್ಯಾಕ್ಟರು ಬಂತೆಂದು ಹೇಳುತ್ತಿದ್ದೆವು. ಇಂದಿನ ಗಾಡಿಗಳೆಲ್ಲ ಒಂದೇ ತರಹ ಕೇಳಿಸುತ್ತವೆ. ಇದು ವಯಸ್ಸಿನ ಪರಿಣಾಮವೇ? (ಪಿಂಪ್ರಿ)

ಉತ್ತರ: ವಯಸ್ಸಿನದಲ್ಲ, ಸಿಲಿಂಡರಿನ ಲೆಕ್ಕ. ನಾಲ್ಕು ಹೊಡೆತದ ಎಂಜಿನ್ನಿನ ಪ್ರತಿ ಸಿಲಿಂಡರು ಎರಡು ಸುತ್ತಿಗೆ ಒಮ್ಮೆ ಮಾತ್ರ ಉರಿಯುತ್ತದೆ. ನಿಮಿಷಕ್ಕೆ 600 ಸುತ್ತಿನಂತೆ ನಿಂತಲ್ಲೇ ಓಡುತ್ತಿರುವ ಒಂದು ಸಿಲಿಂಡರಿನ ಐಷರ್ ಸೆಕೆಂಡಿಗೆ 5 ಸಲ ಬಡಿಯುತ್ತದೆ, ಎರಡು ಸಿಲಿಂಡರಿನ ಎಚ್‌ಎಂಟಿ 2511 ಅದೇ ವೇಗದಲ್ಲಿ 10 ಸಲ, ಮೂರು ಸಿಲಿಂಡರಿನ ಮ್ಯಾಸಿ 15 ಸಲ, ನಾಲ್ಕರ ಬಿ-275 ಆದರೆ 20 ಸಲ. ಐದನ್ನು ಕಿವಿ ಬಿಡಿಬಿಡಿಯಾಗಿ ಕೇಳಿಸಿಕೊಳ್ಳುತ್ತದೆ, ಇಪ್ಪತ್ತು ಬೆರೆತು ಗುಂಯ್‌ಗುಡುತ್ತದೆ. ಅಂದಿನ ಕಾರ್ಖಾನೆಗಳು ಬೇರೆ ಬೇರೆ ದೇಶದ ವಿನ್ಯಾಸಗಳನ್ನು ತಂದಿದ್ದವು: 1959ರಲ್ಲಿ ಫರೀದಾಬಾದಿನಲ್ಲಿ ಭಾರತದ ಮೊದಲ ಟ್ರ್ಯಾಕ್ಟರನ್ನು ಹೊರತಂದ ಐಷರ್ ಜರ್ಮನಿಯದು, ನೀರಿಲ್ಲದೆ ಗಾಳಿಯಿಂದಲೇ ತಣಿಯುವಂಥದು, 1971ರಿಂದ ಪಿಂಜೋರಿನಲ್ಲಿ ತಯಾರಾದ ಎಚ್‌ಎಂಟಿ ಜೆಕೊಸ್ಲೊವಾಕಿಯದ ಜೆಟರ್, 1960ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಟಾಫೆ ಕಂಪನಿಯ ಮ್ಯಾಸಿ ಇಂಗ್ಲೆಂಡಿನದು. ಸದ್ದುಗಳು ಬೇರೆಯಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಹೊರದೇಶದ ನಕ್ಷೆಯನ್ನು ನೆಚ್ಚದೆ ದುರ್ಗಾಪುರದ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡು 1974ರಲ್ಲಿ ಬಂದ ಸ್ವರಾಜ್ 724 ಮಾತ್ರ ಇವುಗಳಿಂದ ಬೇರೆ.

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಅಥಣಿ ಹತ್ತಿರದ ಹೊಲದ ಶೆಡ್ಡಿನಲ್ಲಿ ನಮ್ಮ ಬಿ-275 ಹಾಗೆಯೇ ನಿಂತಿದೆ. ಬಣ್ಣ ಹೊಡೆಸಿ, ಪುಣೆಯ ಹತ್ತಿರ ಮುಳಶಿಯಲ್ಲಿರುವ ನಮ್ಮ ಚಿಕ್ಕ ಜಾಗಕ್ಕೆ ತಂದು ಓಡಿಸಬೇಕೆಂದಿದೆ. ಹೇಗೆ ಆರಂಭಿಸಲಿ? ಹಳೆಯ ವಾಹನಗಳಿಗೆ ಕೊಡುವ ವಿಂಟೇಜ್ ನಂಬರು ಇದಕ್ಕೆ ಸಿಗುತ್ತದೆಯೇ? (ಕೋಥ್ರೂಡ್, ಪುಣೆ)

ಉತ್ತರ: ಮಾಡಬಾರದ ಕೆಲಸವನ್ನು ಮೊದಲು ಹೇಳುತ್ತೇವೆ. ಇನ್ನೊಂದು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿ ಚಾಲೂ ಮಾಡಲು ಹೋಗಬೇಡಿ. ಬಹಳ ಕಾಲ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ನಿನ ರಿಂಗುಗಳು ತುಕ್ಕಿನಿಂದ ಸಿಲಿಂಡರಿನ ಒಳಗೋಡೆಯಾದ ಲೈನರಿಗೆ ಹಿಡಿದುಕೊಂಡಿರುತ್ತವೆ, ಹಠಾತ್ತನೆ ಎಳೆದರೆ ಅವು ಮುರಿಯುತ್ತವೆ. ಒಳಗೆ ಮಳೆನೀರು ಸೇರಿದ್ದರೆ ಪಿಸ್ಟನ್ನನ್ನು ಹಿಡಿದ ಕನೆಕ್ಟಿಂಗ್ ರಾಡೇ ಬಾಗಬಹುದು. ಅಪ್ಪನವರು ಸೈಲೆನ್ಸರಿನ ಬಾಯಿಗೆ ಡಬ್ಬಿ ಮುಚ್ಚಿಟ್ಟಿದ್ದರೋ ಇಲ್ಲವೋ ನೋಡಿ, ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ಡೀಸೆಲು ಸಿಡಿಸುವ ಇಂಜೆಕ್ಟರುಗಳನ್ನು ಬಿಚ್ಚಿ, ಡೀಸೆಲು ಮತ್ತು ಎಂಜಿನ್ ಆಯಿಲನ್ನು ಸಮವಾಗಿ ಬೆರೆಸಿ ಒಂದೊಂದು ಸಿಲಿಂಡರಿಗೂ ಸ್ವಲ್ಪ ಸುರಿದು ಕೆಲವು ದಿನ ಬಿಡಬೇಕು. ಆಮೇಲೆ ಮುಂದಿನ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ಒಂದು ಕೂದಲೆಳೆಯಷ್ಟು ಸರಿದರೂ ಆಸೆ ಇದೆ. ಸರಿಯದಿದ್ದರೆ ಬಲ ಹಾಕದೆ ಮತ್ತೆ ನೆನೆಯಲು ಬಿಡಿ.

ಎಂಜಿನ್ನು ಸಲೀಸಾಗಿ ತಿರುಗಿದ ಮೇಲೆ ಆಯಿಲು ಬದಲಿಸಿ, ಟಾಕಿಯ ಹಳೆಯ ಡೀಸೆಲನ್ನು ಪೂರ್ತಿ ತೆಗೆದು, ಫಿಲ್ಟರು ಹೊಸದು ಹಾಕಿ, ಏರ್ ಕ್ಲೀನರಿನ ತಳದ ಬಟ್ಟಲಿನಲ್ಲಿ ಕೆಸರುಗಟ್ಟಿರುವ ಎಣ್ಣೆಯನ್ನು ತೊಳೆಯಿರಿ. ಟಾಕಿ ಬರಿದಾದ್ದರಿಂದ ಪೈಪಿನಲ್ಲಿ ಗಾಳಿ ಸೇರಿರುತ್ತದೆ, ಗಾಳಿ ಇರುವವರೆಗೆ ಎಷ್ಟು ಸೆಲ್ಫ್ ಹೊಡೆದರೂ ವ್ಯರ್ಥ. ಫಿಲ್ಟರಿನ ತಲೆಯ ಮೇಲಿನ ಸ್ಕ್ರೂವನ್ನು ಸಡಿಲಿಸಿ ಫೀಡ್ ಪಂಪಿನ ಕೈಗುಂಡಿಯನ್ನು ಒತ್ತುತ್ತ ಹೋದರೆ ಮೊದಲು ನೊರೆ ಬರುತ್ತದೆ, ಬಳಿಕ ಗುಳ್ಳೆಗಳ ಸಹಿತ ಡೀಸೆಲು, ಕೊನೆಗೆ ಗುಳ್ಳೆಯಿಲ್ಲದ ತಿಳಿ ಡೀಸೆಲು. ಆಗ ಸ್ಕ್ರೂ ಬಿಗಿದು, ಇಂಜೆಕ್ಟರಿನ ಕಡೆಯ ನಟ್ಟುಗಳನ್ನು ಸಡಿಲಿಸಿ, ಸೆಲ್ಫ್ ಹೊಡೆಯುತ್ತ ಅಲ್ಲಿಯ ಗಾಳಿಯನ್ನೂ ತೆಗೆಯಬೇಕು. ಇದನ್ನು ನೀವೇ ಮಾಡಬಹುದು. ಕ್ಲಚ್ ಪ್ಲೇಟು ಹಿಡಿದುಕೊಂಡಿದ್ದರೆ ಮತ್ತು ಬ್ರೇಕಿನ ಕೆಲಸವಿದ್ದರೆ ಹಳೆಯ ಮೇಸ್ತ್ರಿಗೇ ಬಿಡಿ. ಬಿ-275ರ ಬಿಡಿಭಾಗಗಳು ಇಂದಿಗೂ ತಯಾರಾಗುತ್ತಿರುವುದು ನಿಮ್ಮ ಅದೃಷ್ಟ.

ಬಣ್ಣದ ಬಗ್ಗೆ ನಮ್ಮ ಅಭಿಪ್ರಾಯ ನೇರವಾಗಿದೆ: ಎಂಜಿನ್ನು ಓಡುವವರೆಗೆ ಬಣ್ಣದ ಡಬ್ಬಿ ತರಬೇಡಿ, ಓಡಿದ ಮೇಲೆಯೂ ಎರಡು ಸಲ ಯೋಚಿಸಿ. ಮಡ್‌ಗಾರ್ಡಿನ ಮೇಲೆ ಅಪ್ಪನವರ ಜೊತೆ ನೀವು ಕುಳಿತು ಕುಳಿತು ಸವೆದ ಜಾಗ ಹೊಸ ಕೆಂಪಿನ ಅಡಿಯಲ್ಲಿ ಹೋದರೆ ಯಾವ ಮೇಸ್ತ್ರಿಯೂ ಅದನ್ನು ಮರಳಿ ತರಲಾರ.

ವಿಂಟೇಜ್ ನಂಬರು ಸಿಗುವುದಿಲ್ಲ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ವಾಹನಗಳಿಗೆ ಮತ್ತು ಕಾರಿನ ವರ್ಗದ ನಾಲ್ಕು ಚಕ್ರದ ವಾಹನಗಳಿಗೆ ಮಾತ್ರ ‘ವಿಎ’ ಅಕ್ಷರಗಳಿರುವ ನಂಬರು ಕೊಡುತ್ತಾರೆ. ಟ್ರ್ಯಾಕ್ಟರು ಆ ವರ್ಗಕ್ಕೆ ಸೇರುವುದಿಲ್ಲ. ದೇಶದ ಅನ್ನಕ್ಕೆ ದುಡಿದ ಯಂತ್ರವನ್ನು ಹೊರಗಿಟ್ಟು ಶ್ರೀಮಂತರ ಕಾರಿಗೆ ಗೌರವ ಕೊಡುವುದು ನಮಗೆ ಸರಿಕಾಣದಿದ್ದರೂ ನಿಯಮ ಹಾಗಿದೆ. ನೀವು ಸಾಮಾನ್ಯ ದಾರಿಯಲ್ಲೇ ಹೋಗಬೇಕು. ಆರ್‌ಸಿ ಪುಸ್ತಕದ ಚಾಸಿಸ್ ಮತ್ತು ಎಂಜಿನ್ ನಂಬರುಗಳನ್ನು ಗಾಡಿಯ ಮೇಲಿನವುಗಳೊಡನೆ ತಾಳೆ ನೋಡಿ, ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಿ. ನೋಂದಣಿ 15 ವರ್ಷಕ್ಕೆ ಮುಗಿದಿರುವುದರಿಂದ ನವೀಕರಣ ಬೇಕು, ಅದಕ್ಕೆ ಗಾಡಿ ಓಡುವ ಸ್ಥಿತಿಯಲ್ಲಿರಬೇಕು. ಕರ್ನಾಟಕದ ಆರ್‌ಟಿಓ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಪಡೆದು ತನ್ನಿ, 12 ತಿಂಗಳಿಗಿಂತ ಹೆಚ್ಚು ಕಾಲ ಮಹಾರಾಷ್ಟ್ರದಲ್ಲಿ ಇರಿಸಿಕೊಳ್ಳುವುದಾದರೆ ಇಲ್ಲಿನ ನಂಬರು ಮಾಡಿಸಬೇಕಾಗುತ್ತದೆ. ಆದ್ದರಿಂದ ದುರಸ್ತಿಯನ್ನು ಅಥಣಿಯಲ್ಲೇ ಮುಗಿಸಿಕೊಂಡು, ಬಳಿಕ ಲಾರಿಯಲ್ಲಿ ಹೇರಿಸಿಕೊಂಡು ಬರುವುದು ಜಾಣತನ.

ಪ್ರಶ್ನೆ: ನಮ್ಮದು ಕುಮಟಾ ಕಡೆಯ ಗದ್ದೆ. ನಮ್ಮಲ್ಲಿ ಟ್ರ್ಯಾಕ್ಟರಿರಲಿಲ್ಲ, ಹಿಂದೆ ನಡೆಯುತ್ತ ಓಡಿಸುವ ಎರಡು ಗಾಲಿಯ ಟಿಲ್ಲರಿತ್ತು. ಅದರ ನೆನಪು ಈ ಅಂಕಣಕ್ಕೆ ಸಲ್ಲುತ್ತದೆಯೇ? (ಫೋಂಡಾ, ಗೋವಾ)

ಉತ್ತರ: ಖಂಡಿತ ಸಲ್ಲುತ್ತದೆ. ಟನ್ನುಗಟ್ಟಲೆ ತೂಗುವ ಟ್ರ್ಯಾಕ್ಟರು ಕರಾವಳಿಯ ಕೆಸರುಗದ್ದೆಯಲ್ಲಿ, ಗೋವೆಯ ಖಾಜನ್ ಗದ್ದೆಗಳಲ್ಲೂ, ಹೂತುಹೋಗುತ್ತದೆ. ಅಗಲವಿಲ್ಲದ ಬದುಗಳ ಮೇಲೆ ಅದನ್ನು ತರುವುದೂ ಕಷ್ಟ. ಬೆಂಗಳೂರಿನ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ 1967ರಲ್ಲಿ ಆರಂಭವಾದ ಮೇಲೆ ಕರ್ನಾಟಕದ ಭತ್ತದ ನಾಡಿಗೆ ಟಿಲ್ಲರೇ ಒಗ್ಗಿಹೋಯಿತು. ನಿಮ್ಮ ಕಾಕಾ ಇಳಿಜಾರಿನಲ್ಲಿ ಟಿಲ್ಲರಿನೊಡನೆ ತೋಡಿಗೆ ಬಿದ್ದದ್ದು ಅವರ ಅಜಾಗರೂಕತೆಯಿಂದ ಎಂದು ಬರೆದಿದ್ದೀರಿ. ಅವರನ್ನು ಅಷ್ಟು ದೂರುವುದು ಬೇಡ. ಸಮನೆಲದಲ್ಲಿ ಎಡಗೈಯ ಕ್ಲಚ್ಚು ಹಿಡಿದರೆ ಎಡಬದಿಯ ಗಾಲಿಗೆ ಶಕ್ತಿ ತಪ್ಪಿ ಟಿಲ್ಲರು ಎಡಕ್ಕೆ ಹೊರಳುತ್ತದೆ. ಇಳಿಜಾರಿನಲ್ಲಿ ಎಂಜಿನ್ನು ಗಾಲಿಗಳನ್ನು ತಡೆದು ಹಿಡಿದಿರುವುದರಿಂದ, ಎಡಗೈಯ ಕ್ಲಚ್ಚು ಹಿಡಿದರೆ ಎಡಗಾಲಿ ಬಿಡುಗಡೆಯಾಗಿ ಮುಂದಕ್ಕೆ ಜಾರಿ, ಟಿಲ್ಲರು ಬಲಕ್ಕೆ ತಿರುಗಿಬಿಡುತ್ತದೆ. ಅದಕ್ಕೇ ಬಲ್ಲವರು ಇಳಿಜಾರಿನಲ್ಲಿ ಕ್ಲಚ್ಚು ಮುಟ್ಟದೆ, ಚಿಕ್ಕ ಗೇರಿನಲ್ಲಿ, ಹಿಡಿಕೆಯನ್ನೇ ತೋಳಿನ ಬಲದಿಂದ ತಿರುಗಿಸುತ್ತ ಇಳಿಸುತ್ತಾರೆ.