ಬಿಸಿಯಾಗುವ ಹಳೆಯ ಕಾರು: ರಿಪೇರಿಯೇ, ಮಾರಾಟವೇ?

ಪ್ರಶ್ನೆ: ನಮ್ಮದು 2012ರ ಪೆಟ್ರೋಲ್ ವ್ಯಾಗನ್ ಆರ್. 1,10,000 ಕಿ.ಮೀ. ಓಡಿದೆ. ಎರಡು ತಿಂಗಳಿಂದ ಏರುದಾರಿಯಲ್ಲಿ ಎಂಜಿನ್ ಬಿಸಿಯಾಗುತ್ತಿದೆ. ರೇಡಿಯೇಟರ್‌ಗೆ ತೋಟದ ಕೊಳವೆಬಾವಿ ನೀರು ಹಾಕಿಕೊಂಡು ಓಡಿಸುತ್ತಿದ್ದೇನೆ. ಎಂಜಿನ್ ಪೂರ್ತಿ ಬಿಚ್ಚಬೇಕು, 45,000 ರೂಪಾಯಿ ಆಗುತ್ತದೆ ಎನ್ನುತ್ತಾರೆ ಮೆಕ್ಯಾನಿಕ್. ದಲ್ಲಾಳಿಯೊಬ್ಬರು ಇದ್ದ ಸ್ಥಿತಿಯಲ್ಲೇ ಒಂದು ಲಕ್ಷಕ್ಕೆ ಕೇಳುತ್ತಿದ್ದಾರೆ. ತಿಂಗಳಿಗೆ ಎರಡು ಬಾರಿ ತಾಯಿಯನ್ನು ಕೋಲಾರದ ಆಸ್ಪತ್ರೆಗೆ ಕರೆದೊಯ್ಯಬೇಕು. ಏನು ಮಾಡಲಿ ಸರ್?
– ಓದುಗರು, ಚಿಂತಾಮಣಿ

ಉತ್ತರ: ಮೊದಲು ಕಾರು ಓಡಿಸುವುದನ್ನು ನಿಲ್ಲಿಸಿ. ನಿಮ್ಮ ಎಂಜಿನ್ ಅಲ್ಯೂಮಿನಿಯಂನದು. ಪದೇ ಪದೇ ಕಾದರೆ ಅದರ ಮೇಲ್ಭಾಗ, ಅಂದರೆ ಹೆಡ್, ಸೊಟ್ಟಗಾಗುತ್ತದೆ. ಇಂದು ಸಣ್ಣ ಖರ್ಚಿನಲ್ಲಿ ಮುಗಿಯಬಹುದಾದದ್ದು ಆಗ ನಿಜಕ್ಕೂ 45,000ಕ್ಕೆ ಹೋಗುತ್ತದೆ.

ನನ್ನ ಅನುಮಾನ ಇರುವುದು ಆ ಕೊಳವೆಬಾವಿ ನೀರಿನ ಮೇಲೆ. ನಮ್ಮ ಚಿಕ್ಕಬಳ್ಳಾಪುರ, ಕೋಲಾರ ಸೀಮೆಯ ಅಂತರ್ಜಲ ಗಡುಸು. ಬಚ್ಚಲಿನ ಹಂಡೆಯ ತಳದಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂರುತ್ತದಲ್ಲ, ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ನೀರು ಹರಿಯದೆ ಎಂಜಿನ್ ಕಾಯುತ್ತದೆ. ಇಂಥ ಎಷ್ಟೋ ಕಾರುಗಳು ರೇಡಿಯೇಟರ್, ಥರ್ಮೋಸ್ಟಾಟ್ (ಎಂಜಿನ್ ಬಿಸಿಗೆ ತಕ್ಕಂತೆ ಕೂಲೆಂಟ್ ಹರಿವು ನಿಯಂತ್ರಿಸುವ ಕವಾಟ) ಬದಲಿಸಿ ಸರಿಯಾದ ಕೂಲೆಂಟ್ ತುಂಬಿದ ಮೇಲೆ ಬಿಸಿಯಾಗುವುದನ್ನು ಬಿಟ್ಟಿದ್ದನ್ನು ನೋಡಿದ್ದೇನೆ.

ಎಂಜಿನ್ ಪೂರ್ಣ ತಣ್ಣಗಿರುವಾಗ ಆಯಿಲ್ ಮುಚ್ಚಳ ತೆಗೆದು ಒಳಭಾಗ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣದ ನೊರೆ ದಪ್ಪಗೆ ಅಂಟಿದ್ದರೆ ಆಯಿಲ್‌ಗೆ ನೀರು ಸೇರಿರಬಹುದು. ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವೆ ಸೋರದಂತೆ ತಡೆಯುವ ಪದರ) ಹೋಗಿದೆಯೇ ಎಂದು ನೋಡಿಸಬೇಕು. ನೊರೆ ಇಲ್ಲವೆಂದ ಮಾತ್ರಕ್ಕೆ ಗ್ಯಾಸ್ಕೆಟ್ ಸರಿಯಿದೆ ಎಂದುಕೊಳ್ಳಬೇಡಿ. ಬೇರೆ ಗ್ಯಾರೇಜಿನಲ್ಲಿ ಸಿಲಿಂಡರುಗಳ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಮೂರೂ ಸಿಲಿಂಡರಿನ ಅಳತೆ ತೀರಾ ಇಳಿಯದೆ ಹೆಚ್ಚುಕಡಿಮೆ ಒಂದೇ ಬಂದರೆ ಎಂಜಿನ್ ಪೂರ್ತಿ ಬಿಚ್ಚಲು ಒಪ್ಪಬೇಡಿ. ಗ್ಯಾಸ್ಕೆಟ್ ಒಂದೇ ಹೋಗಿದ್ದರೂ ಹೆಡ್ ಇಳಿಸಿ ಫೇಸಿಂಗ್ (ಮೇಲ್ಮೈ ಉಜ್ಜಿ ಸಮತಟ್ಟು ಮಾಡುವುದು) ಮಾಡಿಸಿದರೆ ಸಾಕಾಗಬಹುದು.

ಇನ್ನು ಲೆಕ್ಕ. ರಿಪೇರಿ ಖರ್ಚನ್ನು ಕಾರಿನ ಮಾರುಕಟ್ಟೆ ಬೆಲೆಯ ಪಕ್ಕದಲ್ಲಿಟ್ಟು ಹೆದರುವವರೇ ಹೆಚ್ಚು. ನೀವು ಕೇಳಿಕೊಳ್ಳಬೇಕಾದದ್ದು ಬೇರೆ: ದಲ್ಲಾಳಿ ಕೊಡುವ ಒಂದು ಲಕ್ಷಕ್ಕೆ ತಾಯಿಯನ್ನು ಕೂರಿಸಿಕೊಂಡು ಧೈರ್ಯವಾಗಿ ಹೊರಡುವಂಥ ಇನ್ನೊಂದು ಕಾರು ಸಿಗುತ್ತದೆಯೇ? ನನಗಂತೂ ನಂಬಿಕೆಯಿಲ್ಲ. ನಿಮ್ಮ ಕಾರಿನ ಹಿಂದುಮುಂದು ನಿಮಗೆ ಗೊತ್ತು, ಅದರದು ಗೊತ್ತಿರುವುದಿಲ್ಲ.

ಆದರೆ ತುಕ್ಕು ಹಿಡಿದಿದ್ದರೆ ನನ್ನ ಮಾತು ಬದಲಾಗುತ್ತದೆ. ಕಾರ್ಪೆಟ್ ಎತ್ತಿ ನೆಲದ ತಗಡು ನೋಡಿ, ಬಾಗಿಲ ಕೆಳಗಿನ ಅಂಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ತಗಡು ತೂತಾದರೆ ಎಂಜಿನ್‌ಗೆ ಒಂದು ರೂಪಾಯಿಯನ್ನೂ ಹಾಕಬೇಡಿ, ಮಾರಿಬಿಡಿ. 2027ರಲ್ಲಿ ಕಾರಿಗೆ 15 ವರ್ಷ ತುಂಬುತ್ತದೆ. ಆಗ ಆರ್‌ಟಿಒದಲ್ಲಿ ತಪಾಸಣೆ ಪಾಸಾದರೆ ನೋಂದಣಿ ಐದು ವರ್ಷಕ್ಕೆ ನವೀಕರಣವಾಗುತ್ತದೆ. 15 ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲೆ ದೆಹಲಿ ಹೇರಿದ ನಿರ್ಬಂಧ ಕೇಳಿ ಗಾಬರಿಯಾಗಬೇಡಿ, ಅದು ನಮ್ಮಲ್ಲಿಲ್ಲ. ತಳ ಗಟ್ಟಿಯಿದ್ದರೆ ರಿಪೇರಿ ಮಾಡಿಸಿ ಇಟ್ಟುಕೊಳ್ಳಿ ಎಂಬುದೇ ನನ್ನ ಸಲಹೆ.

ಮಾರುವುದೇ ಆದರೆ, ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಖಾಲಿ ಇರುವಾಗಲೇ ಸಹಿ ಹಾಕಿ ದಲ್ಲಾಳಿಯ ಕೈಗೆ ಕೊಡಲೇಬೇಡಿ. ಆರ್‌ಸಿ ನಿಮ್ಮ ಹೆಸರಿನಲ್ಲಿರುವಷ್ಟು ದಿನ ಅಪಘಾತವಾದರೂ ನೋಟಿಸ್ ಬರುವುದು ನಿಮ್ಮ ಮನೆಗೇ. ಕೊಳ್ಳುವವರ ಹೆಸರು, ವಿಳಾಸ ತುಂಬಿಸಿ, ಕಾರು ಒಪ್ಪಿಸಿದ ದಿನಾಂಕ ಮತ್ತು ಗಂಟೆ ಬರೆದ ಪತ್ರಕ್ಕೆ ಅವರ ಸಹಿ ಪಡೆಯಿರಿ. ಮಾರಾಟದ ಮಾಹಿತಿಯನ್ನು 14 ದಿನದೊಳಗೆ ಆರ್‌ಟಿಒಗೆ ನೀವೇ ತಲುಪಿಸಿ. ವಿಮೆಯ ನೋ ಕ್ಲೈಮ್ ಬೋನಸ್ (ಪರಿಹಾರ ಕೇಳದಿದ್ದ ವರ್ಷಗಳಿಗೆ ಸಿಗುವ ರಿಯಾಯಿತಿ) ನಿಮ್ಮದು, ಕಾರಿನದಲ್ಲ. ಅದರ ಪತ್ರವನ್ನು ವಿಮಾ ಕಂಪನಿಯಿಂದ ಕೇಳಿ ಪಡೆದರೆ ಮುಂದಿನ ಕಾರಿನ ಪ್ರೀಮಿಯಂನಲ್ಲಿ ರಿಯಾಯಿತಿ ಸಿಗುತ್ತದೆ.