ನೂರಕ್ಕೆ 99 ಅಂದ್ರೆ ಏನರ್ಥ, ಮೇಷ್ಟ್ರೇ?

ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರದ ಸಾರ ಇದು: "ನಾರ್ವೆಯಲ್ಲಿ 77 ಜನರನ್ನು ಕೊಂದವನಿಗೆ ಬರೀ 21 ವರ್ಷ ಜೈಲು. ನಮ್ಮಲ್ಲಿ ಜೀವಾವಧಿ ಅಂತ ಹೆಸರು, 14 ವರ್ಷಕ್ಕೆ ಮನೆಗೆ ಬರ್ತಾರೆ. ಜಪಾನ್ ನೋಡಿ, ಕೋರ್ಟಿಗೆ ಹೋದ ಕೇಸಿನಲ್ಲಿ ನೂರಕ್ಕೆ 99 ಜನರಿಗೆ ಶಿಕ್ಷೆ ಆಗುತ್ತೆ. ಕುಶಾಲನಗರದಲ್ಲಿ ಬದುಕಿದ್ದ ಹೆಂಡತಿಯನ್ನು ಕೊಂದ ಅಂತ ಗಂಡನನ್ನು ಜೈಲಿಗೆ ಹಾಕಿದರಲ್ಲ, ಅಂಥದ್ದು ಜಪಾನಿನಲ್ಲಿ ಆಗ್ತಿತ್ತಾ?"

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಜಾಗ ಸಾಲದೆ ಇಷ್ಟಕ್ಕೆ ಇಳಿಸಿದ್ದೇನೆ, ಬೇಜಾರು ಮಾಡ್ಕೋಬೇಡಿ. ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಜಪಾನಿನಲ್ಲಿ ಅಂಥದ್ದು ಆಗ್ತಿತ್ತಾ ಎಂದಿರಿ. ಆಗಿದೆ. ಇದಕ್ಕಿಂತ ಕೆಟ್ಟದಾಗಿ ಆಗಿದೆ.

1966ರ ಜೂನ್ 30. ಶಿಜುವೊಕಾ ಪ್ರಾಂತ್ಯದಲ್ಲಿ ಮಿಸೊ ಎಂಬ ಸೋಯಾ ಪದಾರ್ಥ ಮಾಡುವ ಕಾರ್ಖಾನೆಯ ಅಧಿಕಾರಿಯೊಬ್ಬರ ಮನೆಗೆ ಬೆಂಕಿ ಬಿತ್ತು. ಆರಿಸಿ ನೋಡಿದರೆ ಒಳಗೆ ನಾಲ್ಕು ಹೆಣ. ಅವರು ಸತ್ತಿದ್ದು ಬೆಂಕಿಗಲ್ಲ, ಚೂರಿಗೆ. ಕಾರ್ಖಾನೆಯಲ್ಲೇ ಉಳಿದುಕೊಂಡು ಕೆಲಸ ಮಾಡುತ್ತಿದ್ದ ಇವಾವೊ ಹಕಮಾಡಾ ಎಂಬ ಮಾಜಿ ಬಾಕ್ಸರ್‌ನನ್ನು ಆಗಸ್ಟಿನಲ್ಲಿ ಪೊಲೀಸರು ಹಿಡಿದರು. ಆಗ ಅವರಿಗೆ 30 ವರ್ಷ. ದಿನಕ್ಕೆ ಸರಾಸರಿ 12 ಗಂಟೆ ವಿಚಾರಣೆ. 20ನೇ ದಿನ ಒಪ್ಪಿಕೊಂಡರು. ಕೋರ್ಟಿಗೆ ಬಂದಾಗ ನಾನಲ್ಲ ಎಂದರು.

ತಪ್ಪೊಪ್ಪಿಗೆಯಲ್ಲಿ ಇದ್ದದ್ದು ಪೈಜಾಮ ಹಾಕಿಕೊಂಡು ಕೊಂದೆ ಅಂತ. ಆದರೆ ವಿಚಾರಣೆ ನಡೀತಿರುವಾಗಲೇ, ಕೊಲೆಯಾಗಿ 14 ತಿಂಗಳ ಮೇಲೆ, ಕಾರ್ಖಾನೆಯ ಮಿಸೊ ತೊಟ್ಟಿಯೊಳಗೆ ಒಂದು ಗೋಣಿಚೀಲ ಸಿಕ್ಕಿತು. ಅದರಲ್ಲಿ ರಕ್ತದ ಕಲೆ ಇದ್ದ ಐದು ಬಟ್ಟೆ. ಪ್ರಾಸಿಕ್ಯೂಷನ್‌ನವರು ಪೈಜಾಮದ ಮಾತು ಬಿಟ್ಟು ಇವನ್ನು ಹಿಡಿದುಕೊಂಡರು. ಆ ಪ್ಯಾಂಟನ್ನು ಹಕಮಾಡಾಗೆ ಹಾಕಿಸಿ ನೋಡಿದರೆ ಮೇಲಕ್ಕೇ ಏರಲಿಲ್ಲ. ಮಿಸೊದಲ್ಲಿ ನೆನೆದು ಕುಗ್ಗಿದೆ, ಚೀಟಿಯಲ್ಲಿ 'ಬಿ' ಅಂತಿದೆ, ಅದು ದೊಡ್ಡ ಸೈಜು ಎಂದು ಸಮಜಾಯಿಷಿ ಬಂತು. 'ಬಿ' ಅಂದರೆ ಸೈಜಲ್ಲ, ಬಟ್ಟೆಯ ಬಣ್ಣದ ಗುರುತು ಅಂತ ಬಯಲಾಗಲು ಎಷ್ಟೋ ವರ್ಷ ಬೇಕಾಯಿತು.

ಮಿಸೊ ಅಂದರೆ ಸೋಯಾ ಕಾಳು ಬೇಯಿಸಿ, ಉಪ್ಪು ಹಾಕಿ, ತಿಂಗಳುಗಟ್ಟಲೆ ಹುದುಗಿಸಿದ ಕಂದು ಮುದ್ದೆ. ನಿಮ್ಮ ಮನೆಯ ಅಪ್ಪೆಮಿಡಿ ಭರಣಿಗೆ ಒಂದು ಬಿಳಿ ಬಟ್ಟೆ ಚೂರು ಬಿತ್ತು ಅಂದುಕೊಳ್ಳಿ. ವರ್ಷ ಬಿಟ್ಟು ಸಿಕ್ಕರೆ ಅದು ಯಾವ ಬಣ್ಣದಲ್ಲಿರುತ್ತೆ? ಮನೆಯವರನ್ನೇ ಕೇಳಿ ನೋಡಿ. ಮಿಸೊ ತೊಟ್ಟಿಯಿಂದ ಬಂದ ಬಟ್ಟೆಯಲ್ಲಿ ರಕ್ತ ಇನ್ನೂ ಕೆಂಪಗೇ ಇತ್ತು. ಹಕಮಾಡಾ ಪರ ಇದ್ದವರು ರಕ್ತ ಹಚ್ಚಿದ ಬಟ್ಟೆಯನ್ನು ಮಿಸೊದಲ್ಲಿ ಹೂತಿಟ್ಟು, ತೆಗೆದು ತೋರಿಸಿದರು. ಕಲೆ ಕಪ್ಪಾಗಿತ್ತು. ಕೊನೆಗೆ ಇಡೀ ಕೇಸು ನಿಂತಿದ್ದು ಈ ಬಣ್ಣದ ಮೇಲೆ. ಅಡುಗೆಮನೆಯಲ್ಲಿ ಯಾರಿಗಾದರೂ ಹೊಳೆಯುವ ಸಂಗತಿ, ಕೋರ್ಟಿಗೆ ಹೊಳೆಯಲು ಅರ್ಧ ಶತಮಾನ ಹಿಡಿಯಿತು.

1968ರಲ್ಲಿ ಗಲ್ಲು ಶಿಕ್ಷೆ ಆಯಿತು. 1980ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಾಯಂ ಮಾಡಿತು. ಜಪಾನಿನಲ್ಲಿ ಗಲ್ಲಿಗೇರುವವನಿಗೆ ವಿಷಯ ತಿಳಿಸುವುದು ಅದೇ ದಿನ ಬೆಳಿಗ್ಗೆ. ಅಂದರೆ ದಿನಾ ಬೆಳಿಗ್ಗೆ ಬೂಟಿನ ಸದ್ದು ಯಾರ ಬಾಗಿಲ ಮುಂದೆ ನಿಲ್ಲುತ್ತೆ ಅಂತ ಕಿವಿಗೊಟ್ಟು ಕೂರಬೇಕು. ಹಕಮಾಡಾ ಅವರ ಮನಸ್ಸು ಕೆಟ್ಟಿತು. ತಿಂಗಳು ತಿಂಗಳು ನೋಡಲು ಬರುತ್ತಿದ್ದ ಅಕ್ಕ ಹಿದೆಕೊ ಅವರನ್ನೇ ಎಷ್ಟೋ ಸಲ ಭೇಟಿಯಾಗಲು ಒಪ್ಪುತ್ತಿರಲಿಲ್ಲ. ಅಕ್ಕ ಬರುವುದನ್ನು ಬಿಡಲಿಲ್ಲ.

ಇನ್ನೊಂದು ಮಾತು. ಗಲ್ಲು ಕೊಟ್ಟ ಮೂವರು ನ್ಯಾಯಾಧೀಶರಲ್ಲಿ ಒಬ್ಬರಾದ ಕುಮಮೊಟೊ, ಈತ ನಿರಪರಾಧಿ ಅಂತ ನನಗೆ ಆಗಲೇ ಅನ್ನಿಸಿತ್ತು ಎಂದು 2007ರಲ್ಲಿ ಬಹಿರಂಗವಾಗಿ ಹೇಳಿದರು. ಉಳಿದಿಬ್ಬರು ಒಪ್ಪಲಿಲ್ಲ. ತಾವು ಒಪ್ಪದ ತೀರ್ಪನ್ನು ತಾವೇ ಬರೆದು, ಆಮೇಲೆ ಕೆಲಸ ಬಿಟ್ಟಿದ್ದರು.

2014ರಲ್ಲಿ ಕೋರ್ಟ್ ಮರುವಿಚಾರಣೆಗೆ ಆದೇಶ ಮಾಡಿ ಹಕಮಾಡಾ ಅವರನ್ನು ಹೊರಗೆ ಬಿಟ್ಟಿತು. ಮುಗಿಯಿತು ಅಂದುಕೊಂಡಿರಾ? ಅಲ್ಲಿ ಮರುವಿಚಾರಣೆಯ ಆದೇಶದ ಮೇಲೂ ಪ್ರಾಸಿಕ್ಯೂಟರ್ ಅಪೀಲು ಹೋಗಬಹುದು. ಹೋದರು. ಅದರಲ್ಲೇ ಮತ್ತೆ ಒಂಬತ್ತು ವರ್ಷ. 2024ರ ಸೆಪ್ಟೆಂಬರ್ 26ರಂದು ನಿರಪರಾಧಿ ಎಂದು ತೀರ್ಪು ಬಂತು. ಬಟ್ಟೆಗಳು ತನಿಖೆಯವರೇ ಸೃಷ್ಟಿಸಿದ ಸಾಕ್ಷ್ಯ ಎಂದು ಕೋರ್ಟ್ ಹೇಳಿತು. ಆಗ ಅವರಿಗೆ 88. ಕೋರ್ಟಿಗೆ ಬಂದು ಕೂರುವ ಸ್ಥಿತಿ ಇರಲಿಲ್ಲ. ತಮ್ಮನ ಬದಲು 91ರ ಅಕ್ಕ ಕೂತಿದ್ದರು.

ಈಗ ನಿಮ್ಮ 99ಕ್ಕೆ ಬರೋಣ. ನೀವು ಮೇಷ್ಟ್ರು, ನಿಮಗೆ ಇದು ಬೇಗ ಅರ್ಥವಾಗುತ್ತೆ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಅಂತ ಬೋರ್ಡು ಹಾಕುವ ಶಾಲೆಗಳಲ್ಲಿ ಕೆಲವು, ದಡ್ಡ ಹುಡುಗರನ್ನು ಒಂಬತ್ತನೇ ಕ್ಲಾಸಿನಲ್ಲೇ ತಡೆದುಬಿಡುತ್ತವೆ ಅಲ್ವಾ? ಜಪಾನಿನ ಪ್ರಾಸಿಕ್ಯೂಟರುಗಳೂ ಅಷ್ಟೇ. ಗೆದ್ದೇ ಗೆಲ್ಲುವ ಕೇಸನ್ನು ಮಾತ್ರ ಕೋರ್ಟಿಗೆ ಒಯ್ಯುತ್ತಾರೆ. ಇದರಲ್ಲಿ ಒಳ್ಳೆಯದೂ ಇದೆ, ಸುಮ್ನೆ ಜನರನ್ನು ಕೋರ್ಟಿಗೆ ಅಲೆಸುವುದು ಕಮ್ಮಿ. ಆದರೆ ಕಟಕಟೆಗೆ ಬಂದವನು ತಪ್ಪು ಮಾಡಿಯೇ ಇರುತ್ತಾನೆ ಅನ್ನುವ ನಂಬಿಕೆ ಎಲ್ಲರಲ್ಲೂ ಕೂತುಬಿಡುತ್ತೆ. ಜೊತೆಗೆ, ಚಾರ್ಜ್‌ಶೀಟ್ ಹಾಕುವ ಮೊದಲು 23 ದಿನದವರೆಗೆ ಕಸ್ಟಡಿಯಲ್ಲಿ ಇಟ್ಟುಕೊಂಡು ಬಾಯಿ ಬಿಡಿಸಲು ಅವಕಾಶ ಇದೆ.

ನಾರ್ವೆಯ 21 ವರ್ಷದ ಬಗ್ಗೆ ನಿಮಗೆ ಅರ್ಧ ಮಾತ್ರ ತಿಳಿದಿದೆ. ಆ 77 ಜನರನ್ನು ಕೊಂದ ಬ್ರೇವಿಕ್‌ಗೆ 2012ರಲ್ಲಿ ಕೊಟ್ಟಿದ್ದು ಮಾಮೂಲಿ ಜೈಲಲ್ಲ. ಇವನು ಹೊರಗೆ ಬಂದರೆ ಇನ್ನೂ ಅಪಾಯ ಅನ್ನಿಸಿದರೆ ಕೋರ್ಟ್ ಅವಧಿಯನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಬಹುದು. ಸಾಯೋವರೆಗೂ ಹಾಕಬಹುದು.

ಹಾಗಂತ ನಾರ್ವೆಯವರು ಸತ್ಯಹರಿಶ್ಚಂದ್ರರೂ ಅಲ್ಲ. ಅಲ್ಲಿ ಫ್ರಿಟ್ಸ್ ಮೋಎನ್ ಅಂತ ಒಬ್ಬರಿದ್ದರು. ಕಿವಿ ಕೇಳದವರು, ಮಾತೂ ಸರಿಯಾಗಿ ಬಾರದು. 1976 ಮತ್ತು 77ರಲ್ಲಿ ನಡೆದ ಎರಡು ಕೊಲೆ ಇವರ ತಲೆಗೆ ಬಂತು. 18 ವರ್ಷ ಜೈಲು. ಒಂದು ಕೇಸಿನಲ್ಲಿ ನಿರಪರಾಧಿ ಎಂದಾಗಿದ್ದು 2004ರಲ್ಲಿ, 2005ರಲ್ಲಿ ಸಾವು, ಇನ್ನೊಂದರಲ್ಲಿ ನಿರಪರಾಧಿ ಎಂದು ತೀರ್ಪು ಬಂದಿದ್ದು 2006ರಲ್ಲಿ. ಆದರೆ ನೋಡಿ, ಹಳೇ ಕೇಸನ್ನು ತೆಗೆದು ನೋಡಲು ಅಂತಲೇ ನಾರ್ವೆ 2004ರಲ್ಲಿ ಬೇರೆ ಆಯೋಗವನ್ನೇ ಮಾಡಿತು. ಇಂಗ್ಲೆಂಡಿನಲ್ಲಿ ಅಂಥದ್ದು 1997ರಿಂದಲೇ ಇದೆ. ನನ್ನ ಮಟ್ಟಿಗೆ, ಒಂದು ದೇಶ ಎಷ್ಟು ವರ್ಷ ಶಿಕ್ಷೆ ಕೊಡುತ್ತೆ ಅನ್ನುವುದಕ್ಕಿಂತ, ಕೊಟ್ಟ ಶಿಕ್ಷೆ ತಪ್ಪಾಗಿದ್ದರೆ ಯಾರ ಹತ್ತಿರ ಹೋಗಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ನಮ್ಮಲ್ಲಿ ಅದಕ್ಕೆ ಅಂತ ಪ್ರತ್ಯೇಕ ಆಯೋಗ ಇಲ್ಲ.

14 ವರ್ಷದ ವಿಷಯ ಇಲ್ಲಿಗೇ ಬಿಟ್ಟುಬಿಡಿ, ಮೇಷ್ಟ್ರೇ. ಜೀವಾವಧಿ ಅಂದರೆ ನಮ್ಮ ಕಾನೂನಿನಲ್ಲಿ ಜೀವ ಇರುವವರೆಗೆ. ಕೊಲೆಯಂಥ ಕೇಸಿನಲ್ಲಿ 14 ವರ್ಷ ಆಗುವ ಮೊದಲು ಸರ್ಕಾರ ಬಿಡುವಂತಿಲ್ಲ ಅಂತಷ್ಟೇ ಇರುವುದು. ಆಮೇಲೆ ಬಿಡಲೇಬೇಕು ಅಂತ ಎಲ್ಲೂ ಇಲ್ಲ.

ಇನ್ನು ದುಡ್ಡಿನ ಮಾತು. ಹಕಮಾಡಾ ಅವರಿಗೆ 2025ರ ಮಾರ್ಚಿನಲ್ಲಿ ಸುಮಾರು 21.7 ಕೋಟಿ ಯೆನ್ ಪರಿಹಾರ ಸಿಕ್ಕಿತು. ದಿನಕ್ಕೆ 12,500 ಯೆನ್ ಲೆಕ್ಕ, ಅಲ್ಲಿನ ಕಾನೂನಿನಲ್ಲಿ ಅದೇ ಜಾಸ್ತಿ. ನಮ್ಮ ದುಡ್ಡಲ್ಲಿ ದಿನಕ್ಕೆ 7 ಸಾವಿರ ರೂಪಾಯಿ ಆಸುಪಾಸು. ನಮ್ಮಲ್ಲಿ ಇಂಥದ್ದಕ್ಕೆ ಕಾನೂನು ಮಾಡಿ ಎಂದು ಕಾನೂನು ಆಯೋಗ 2018ರಲ್ಲಿ ತನ್ನ 277ನೇ ವರದಿಯಲ್ಲಿ ಹೇಳಿತು. ಆಗಿಲ್ಲ. ಹಾಗಾಗಿ ಇಲ್ಲಿ ಲೆಕ್ಕವೂ ಇಲ್ಲ, ಆಯಾ ಕೋರ್ಟಿಗೆ ತೋಚಿದಷ್ಟು.

ನಿಮ್ಮ ಪತ್ರದ ಕುಶಾಲನಗರದ ಗಂಡನಿಗೆ ಇನ್ನೂ ತೀರ್ಪೇ ಆಗಿರಲಿಲ್ಲ, ವಿಚಾರಣಾಧೀನ ಕೈದಿಯಾಗಿಯೇ ಒಂದೂವರೆ ವರ್ಷದಷ್ಟು ಒಳಗಿದ್ದರು. 2025ರ ಏಪ್ರಿಲ್‌ನಲ್ಲಿ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಊಟ ಮಾಡುತ್ತಾ ಸ್ನೇಹಿತರ ಕಣ್ಣಿಗೆ ಬಿದ್ದರು. ಮೈಸೂರಿನ ಕೋರ್ಟ್ ಆತನನ್ನು ಬಿಟ್ಟು, ಒಂದು ಲಕ್ಷ ರೂಪಾಯಿ ಕೊಡಿ ಎಂದು ಗೃಹ ಇಲಾಖೆಗೆ ಹೇಳಿತು. ದಿನಕ್ಕೆ ಎಷ್ಟು ಬಿತ್ತು ಅಂತ ನೀವೇ ಭಾಗಿಸಿ. ಅದು ಸಾಲದು ಎಂದು ಆತ ಹೈಕೋರ್ಟ್ ಮೆಟ್ಟಿಲು ಹತ್ತಿದ್ದಾರೆ.