ಆರ್ಮ್‌ಸ್ಟ್ರಾಂಗ್ ಲೇಖನದ ಬಗ್ಗೆ, ಲೇಖಕರಿಗೆ

ನಮಸ್ಕಾರ.

ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್ ಕುರಿತ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಕೈತೊಳೆದುಕೊಳ್ಳಲು ಮನಸ್ಸಿಲ್ಲ, ಎಫ್‌ಎಂ ರೇಡಿಯೊ ಕೊಟ್ಟ ಎಂಜಿನಿಯರ್ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಬರಹ ಬರಲೇಬೇಕು. ಹಾಗಾಗಿ ಎಲ್ಲಿ ಎಡವಿದ್ದೀರಿ ಎಂಬುದನ್ನು ನೇರವಾಗಿ ಹೇಳುತ್ತೇನೆ.

ನಿಮ್ಮ ಲೇಖನ ಅವರ ಸಾವಿನಿಂದ ಶುರುವಾಗುತ್ತದೆ. 1954ರ ಜನವರಿ ಕೊನೆಯ ಆ ರಾತ್ರಿ, ನ್ಯೂಯಾರ್ಕಿನ ಮನೆ, ಹೆಂಡತಿಗೆ ಬರೆದಿಟ್ಟ ಪತ್ರ, ಇಷ್ಟಕ್ಕೇ ಒಂದೂವರೆ ಪುಟ. ಎಫ್‌ಎಂ ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಎರಡು ಸಾಲು. ಓದುಗರಿಗೆ ಮರುಕ ಹುಟ್ಟುತ್ತದೆ ನಿಜ, ಆದರೆ ಎಂಥ ಮನುಷ್ಯ ಹೋದ ಎಂಬುದು ಗೊತ್ತಾಗುವುದಿಲ್ಲ. ಅವರು ತಮ್ಮ ಜೀವ ತಾವೇ ಕಳೆದುಕೊಂಡರು ಎಂಬ ಒಂದು ವಾಕ್ಯ ಸಾಕು. ಹೇಗೆ ಎಂಬ ವಿವರ ನಮ್ಮ ಪತ್ರಿಕೆಗೆ ಬೇಡವೇ ಬೇಡ.

ಶುರು ಮಾಡಬೇಕಾದ್ದು ಸದ್ದಿನಿಂದ. ಮಳೆಗಾಲದ ಸಂಜೆ ಮೀಡಿಯಂ ವೇವ್‌ನಲ್ಲಿ ಧಾರವಾಡ ಆಕಾಶವಾಣಿ ಕೇಳಿದವರಿಗೆಲ್ಲ ಅದು ಗೊತ್ತು. ದೂರದಲ್ಲಿ ಮಿಂಚಿದರೆ ಸಾಕು, ವಾರ್ತೆಯ ನಡುವೆ ಚರ್‌ಚರ್ ಎನ್ನುತ್ತಿತ್ತು. ಯಾಕೆ ಹಾಗೆ ಎಂದು ಮೊದಲು ಹೇಳಿ. ಮೀಡಿಯಂ ವೇವ್‌ನಲ್ಲಿ ಬಳಸುವ ಎಎಂ ವಿಧಾನದಲ್ಲಿ ಮಾತು, ಹಾಡು ಎಲ್ಲ ಅಲೆಯ ಎತ್ತರದ ಏರಿಳಿತದಲ್ಲಿ ಅಡಗಿರುತ್ತದೆ. ಮಿಂಚು ಕೂಡ ಆ ಎತ್ತರಕ್ಕೇ ಬಂದು ಸೇರಿಕೊಳ್ಳುತ್ತದೆ. ಯಾವುದು ಹಾಡು, ಯಾವುದು ಮಿಂಚು ಎಂದು ಬೇರೆ ಮಾಡಲು ರೇಡಿಯೊಗೆ ಬರುವುದಿಲ್ಲ. ಆರ್ಮ್‌ಸ್ಟ್ರಾಂಗ್ ಅಲೆಯ ಎತ್ತರವನ್ನು ಮುಟ್ಟದೆ, ಅದರ ಕಂಪನದ ವೇಗವನ್ನು ಸದ್ದಿಗೆ ತಕ್ಕಂತೆ ಬದಲಿಸಿದರು. ಅದೇ ಎಫ್‌ಎಂ. ಗ್ರಾಹಕದಲ್ಲಿ ಲಿಮಿಟರ್ ಇಟ್ಟು ಎತ್ತರದ ವ್ಯತ್ಯಾಸಗಳನ್ನೆಲ್ಲ ಕತ್ತರಿಸಿ ಹಾಕಿದರು. ಗದ್ದಲದ ಬಹುಪಾಲು ಅದರ ಜೊತೆಗೇ ಹೋಯಿತು.

ಇಲ್ಲಿ ನೀವು ಗಣಿತಜ್ಞರನ್ನು ಮೂರ್ಖರೆಂದು ಜರಿದಿದ್ದೀರಿ. ಅದು ತಪ್ಪು. ಜಾನ್ ಕಾರ್ಸನ್ 1922ರಲ್ಲಿ ಎಫ್‌ಎಂನಿಂದ ಲಾಭವಿಲ್ಲವೆಂದು ಲೆಕ್ಕ ಹಾಕಿ ತೋರಿಸಿದ್ದು ಕಿರಿದಾದ ಬ್ಯಾಂಡಿನ, ಅಂದರೆ ಪ್ರಸಾರ ಬಳಸುವ ಕಂಪನಗಳ ಪಟ್ಟಿ ಕಿರಿದಾಗಿದ್ದಾಗಿನ ಮಾತು, ಮತ್ತು ಆ ಲೆಕ್ಕ ಸರಿಯಾಗಿಯೇ ಇತ್ತು. ಎಲ್ಲರೂ ಬ್ಯಾಂಡ್ ಕಿರಿದು ಮಾಡಿ ಗದ್ದಲ ತಡೆಯಲು ಹೊರಟಿದ್ದಾಗ ಆರ್ಮ್‌ಸ್ಟ್ರಾಂಗ್ ಅದನ್ನು ಅಗಲ ಮಾಡಿದರು. ನಿಮ್ಮ ಲೇಖನದ ಜೀವ ಇಲ್ಲಿದೆ. ಇದಕ್ಕೆ ಒಂದು ಪುಟ ಕೊಟ್ಟರೂ ಹೆಚ್ಚಲ್ಲ.

1935ರ ನವೆಂಬರಿನಲ್ಲಿ ನ್ಯೂಯಾರ್ಕಿನ ರೇಡಿಯೊ ಎಂಜಿನಿಯರುಗಳ ಮುಂದೆ ಅವರು ಮಾಡಿ ತೋರಿಸಿದ ಪ್ರಯೋಗವನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಯಾಂಕರ್ಸ್‌ನಲ್ಲಿದ್ದ ಗೆಳೆಯನ ಕೇಂದ್ರದಿಂದ ಪ್ರಸಾರ. ಅಲ್ಲಿ ಲೋಟಕ್ಕೆ ನೀರು ಹುಯ್ದರೆ ಇಲ್ಲಿ ನೀರು ಹುಯ್ದ ಹಾಗೆಯೇ ಕೇಳಿಸಿತು, ಕಾಗದ ಮುದುಡಿದರೆ ಕಾಗದ ಮುದುಡಿದ ಸದ್ದೇ ಬಂತು. ನಿಮ್ಮ ಹಸ್ತಪ್ರತಿಯಲ್ಲಿ ಮೂರು ಕಡೆ ಬರುವ ‘ಯುಗಪ್ರವರ್ತಕ’ ಎಂಬ ಮಾತು ಹೊಡೆದುಹಾಕಿ ಆ ಜಾಗದಲ್ಲಿ ಇದನ್ನು ಬರೆಯಿರಿ. ‘ರೇಡಿಯೊ ಪಿತಾಮಹ’ ಎಂಬ ತಲೆಬರಹವೂ ಹೋಗಲಿ. ಅವರು ಹುಟ್ಟಿದ್ದು 1890ರಲ್ಲಿ. ಮಾರ್ಕೋನಿ ಅಟ್ಲಾಂಟಿಕ್ ಆಚೆಗೆ ಸಂಕೇತ ಕಳಿಸಿದಾಗ ಇವರಿನ್ನೂ ಹತ್ತು ವರ್ಷದ ಹುಡುಗ.

ಎಳವೆಯ ಭಾಗದಲ್ಲಿ ಒಂದು ತಿದ್ದುಪಡಿ. ‘ಬಡತನದಿಂದಾಗಿ ಪೇಟೆಂಟ್ ಪಡೆಯಲಾಗಲಿಲ್ಲ’ ಎಂದಿದ್ದೀರಿ. ಅವರ ತಂದೆ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನ ಅಮೆರಿಕ ಶಾಖೆಯಲ್ಲಿದ್ದವರು, ಮನೆ ಅನುಕೂಲವಾಗಿಯೇ ಇತ್ತು. ಮೊದಲು ಡಿಗ್ರಿ ಮುಗಿಸು ಎಂದು ತಂದೆ ಹಣ ಕೊಡಲಿಲ್ಲ, ಅಷ್ಟೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹುಡುಗ ಮೋಟರ್‌ಸೈಕಲ್ ಮಾರಿದ, ಆದರೂ ಹಣ ಸಾಲಲಿಲ್ಲ. 1913ರ ಜನವರಿಯಲ್ಲಿ, ರೇಡಿಯೊ ಸಂಕೇತವನ್ನು ಬಲಪಡಿಸುವ ತನ್ನ ಸರ್ಕ್ಯೂಟಿನ ನಕ್ಷೆಗೆ ನೋಟರಿ ಸಹಿ ಮಾಡಿಸಿ ಇಟ್ಟುಕೊಂಡ. ಪೇಟೆಂಟಿಗೆ ಅರ್ಜಿ ಹೋದದ್ದು ಅಕ್ಟೋಬರಿನಲ್ಲಿ. ಮುಂದೆ ಆ ಸರ್ಕ್ಯೂಟನ್ನು ಮೊದಲು ಕಂಡುಹಿಡಿದವರು ಯಾರು ಎಂದು ಲೀ ಡಿ ಫಾರೆಸ್ಟ್ ಜೊತೆ ಎರಡು ದಶಕ ಮೊಕದ್ದಮೆ ನಡೆಯಿತು. ಹಾಗಾಗಿ ಈ ತಾರೀಕುಗಳನ್ನು ನೀವು ಬಿಡುವ ಹಾಗಿಲ್ಲ.

ಆ ಡಿ ಫಾರೆಸ್ಟ್ ಅವರನ್ನು ‘ಕಳ್ಳ’ ಎಂದು ಬರೆದಿದ್ದೀರಿ. ಆ ಪದ ತೆಗೆಯಿರಿ. ಮೂರು ವಿದ್ಯುದ್ವಾರಗಳ ಆಡಿಯಾನ್ ವಾಲ್ವ್ ಮಾಡಿದವರು ಅವರೇ. ಅದು ಒಳಗೊಳಗೆ ಹೇಗೆ ಕೆಲಸ ಮಾಡುತ್ತದೆಂದು ಅಳತೆ ಮಾಡಿ ನೋಡಿ, ಹೊರಬಂದ ಸಂಕೇತದ ಒಂದು ಪಾಲನ್ನು ಮತ್ತೆ ಅದರ ಗ್ರಿಡ್ ಎಂಬ ವಿದ್ಯುದ್ವಾರಕ್ಕೆ ಊಡಿಸಿ ಅನೇಕ ಪಟ್ಟು ಬಲಪಡಿಸಿದವರು ಆರ್ಮ್‌ಸ್ಟ್ರಾಂಗ್. ಆ ಮೊಕದ್ದಮೆಯಲ್ಲಿ 1934ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಡಿ ಫಾರೆಸ್ಟ್ ಪರ ತೀರ್ಪು ಕೊಟ್ಟಿತು. ಅದೇ ವರ್ಷ ಆರ್ಮ್‌ಸ್ಟ್ರಾಂಗ್ ಆ ಸರ್ಕ್ಯೂಟಿಗಾಗಿ ಸಿಕ್ಕಿದ್ದ ಪದಕ ವಾಪಸ್ ಕೊಡಲು ಹೋದಾಗ ರೇಡಿಯೊ ಎಂಜಿನಿಯರುಗಳ ಸಂಸ್ಥೆ ಅದನ್ನು ತೆಗೆದುಕೊಳ್ಳಲಿಲ್ಲ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಡಿ, ತೀರ್ಮಾನ ಓದುಗರಿಗೆ ಬಿಡಿ.

ಮುಂದೆ ಆರ್‌ಸಿಎ ರೇಡಿಯೊ ಕಂಪನಿಯ ಮುಖ್ಯಸ್ಥರಾದ ಡೇವಿಡ್ ಸಾರ್ನಾಫ್ ವಿಷಯದಲ್ಲೂ ಅವಸರ ಮಾಡಿದ್ದೀರಿ. ಮೊದಲ ಸಾಲಿನಿಂದಲೇ ಖಳನಾಯಕ! 1914ರ ಜನವರಿಯ ಚಳಿಯಲ್ಲಿ ನ್ಯೂಜೆರ್ಸಿಯ ಬೆಲ್ಮಾರ್‌ನಲ್ಲಿ ಇಬ್ಬರೂ ಒಟ್ಟಿಗೆ ಕೂತು ದೂರದೇಶದ ಸಂಕೇತಗಳನ್ನು ಕೇಳಿದವರು. ಆರ್ಮ್‌ಸ್ಟ್ರಾಂಗ್ 1923ರಲ್ಲಿ ಮದುವೆಯಾದ ಮರಿಯನ್ ಮೊದಲು ಸಾರ್ನಾಫ್ ಅವರ ಕಾರ್ಯದರ್ಶಿ. ಎಂಪೈರ್ ಸ್ಟೇಟ್ ಕಟ್ಟಡದ ಮೇಲೆ ಎಫ್‌ಎಂ ಪರೀಕ್ಷಿಸಲು ಜಾಗ ಸಿಕ್ಕಿದ್ದೂ ಸಾರ್ನಾಫ್ ಅವರ ಆರ್‌ಸಿಎ ಕಂಪನಿಯಿಂದಲೇ. ಆ ಸ್ನೇಹ ಎಷ್ಟು ಗಟ್ಟಿಯಿತ್ತೆಂದು ತೋರಿಸದೆ ಅದು ಮುರಿದ ನೋವನ್ನು ಹೇಗೆ ತೋರಿಸುತ್ತೀರಿ? 1945ರಲ್ಲಿ ಸರ್ಕಾರ ಎಫ್‌ಎಂ ಅನ್ನು 42–50 ಮೆಗಾಹರ್ಟ್ಸ್‌ನಿಂದ 88–108ಕ್ಕೆ ಎತ್ತಿಹಾಕಿ, ಜನರ ಮನೆಯಲ್ಲಿದ್ದ ಎಫ್‌ಎಂ ಸೆಟ್ಟುಗಳು ಕೆಲಸಕ್ಕೆ ಬಾರದಂತಾದವು. ಅದು ಸಾರ್ನಾಫ್ ಅವರ ಪಿತೂರಿ ಎಂದು ಬರೆಯುವುದಾದರೆ ಆಧಾರ ಕೊಡಿ. ಇಲ್ಲವಾದರೆ ನಡೆದದ್ದನ್ನಷ್ಟೇ ಹೇಳಿ, ಅದೇ ಸಾಕಷ್ಟು ಕಟುವಾಗಿದೆ.

ನನಗೆ ಅತಿ ಬೇಸರವಾದದ್ದು ಮರಿಯನ್ ಅವರನ್ನು ‘ಶೋಕತಪ್ತ ಪತ್ನಿ’ ಎಂದು ಹೇಳಿ ಅಲ್ಲಿಗೇ ಕೈಬಿಟ್ಟದ್ದು. ಎಫ್‌ಎಂ ಪೇಟೆಂಟುಗಳ ಬಗ್ಗೆ ಗಂಡ 1948ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಆರ್‌ಸಿಎ ಸುಮಾರು ಹತ್ತು ಲಕ್ಷ ಡಾಲರಿಗೆ ರಾಜಿಯಾದದ್ದು ಅವರು ತೀರಿಹೋದ ವರ್ಷವೇ. ಮರಿಯನ್ ಅಲ್ಲಿಗೆ ನಿಲ್ಲಿಸಲಿಲ್ಲ. ಉಳಿದ ಕಂಪನಿಗಳ ಮೇಲೂ ಹೋರಾಡಿ, 1967ರಲ್ಲಿ ಮೊಟೊರೊಲಾ ವಿರುದ್ಧದ ಕೊನೆಯ ಮೊಕದ್ದಮೆಯನ್ನೂ ಗೆದ್ದರು. ನಿಮ್ಮ ಲೇಖನ 1954ಕ್ಕೆ ಮುಗಿಯಬಾರದು, ಅಲ್ಲಿಯವರೆಗೆ ಹೋಗಬೇಕು.

1918ರಲ್ಲಿ ಯುದ್ಧಕಾಲದ ಪ್ಯಾರಿಸ್‌ನಲ್ಲಿ ಆರ್ಮ್‌ಸ್ಟ್ರಾಂಗ್ ರೂಪಿಸಿದ ಸೂಪರ್‌ಹೆಟರೊಡೈನ್ ಎಂಬ ರೇಡಿಯೊ ಗ್ರಾಹಕಕ್ಕೆ ಒಂದು ಪ್ಯಾರಾ ಸಾಕು. ಅದನ್ನೂ ಪೂರ್ತಿ ವಿವರಿಸಲು ಹೋದರೆ ಎಫ್‌ಎಂಗೆ ಜಾಗ ಉಳಿಯುವುದಿಲ್ಲ.

ತಿದ್ದಿದ ಪ್ರತಿಯನ್ನು ನನಗೇ ನೇರವಾಗಿ ಕಳಿಸಿ. ಎಎಂ ಮತ್ತು ಎಫ್‌ಎಂ ಅಲೆಗಳ ಒಂದು ಚಿತ್ರ ಜೊತೆಗಿರಲಿ. ಕೈಯಲ್ಲಿ ಬರೆದದ್ದಾದರೂ ಪರವಾಗಿಲ್ಲ, ನಮ್ಮ ಕಲಾವಿದರು ಅದನ್ನು ಅಚ್ಚಿಗೆ ಸರಿಮಾಡಿಕೊಡುತ್ತಾರೆ.